ಮೆಣಸಿನ ಬಣ್ಣವೆಂದು ಹೇಳಿದವನು ನಾನೇ

ಕತ್ತಿ ಹಿಡಿಯದೆ, ವಿಷ ಹಾಕದೆ, ಬರೀ ಬಾಯಿಯಿಂದ ಸಾವಿರಕ್ಕೂ ಮಿಕ್ಕಿ ಕೋಳಿಗಳನ್ನು ಕೊಂದವನು ನಾನು. ಅದೂ ನನ್ನ ಸ್ವಂತ ಧ್ವನಿಯಿಂದಲ್ಲ. ಇನ್ನೊಬ್ಬರ ಧ್ವನಿಯನ್ನು ಅವರಿಗೆ ಹೇಳದೆ ಎರವಲು ತಂದು ಕೊಂದೆ. 2003ರ ಅಕ್ಟೋಬರ್ ತಿಂಗಳ ಮಾತು. ಓದುತ್ತ ನಗು ಬಂದರೆ ನಗಬಹುದು, ಆ ದಿನ ನಮ್ಮ ಆಫೀಸಿನಲ್ಲೂ ಎಲ್ಲರೂ ನಕ್ಕಿದ್ದರು. ಮೂರನೆಯ ದಿನಕ್ಕೆ ಯಾರೂ ನಗುತ್ತಿರಲಿಲ್ಲ.

ಆಗ ನನಗೆ ಇಪ್ಪತ್ತಮೂರು ವರ್ಷ. ಮೂರು ವರ್ಷದ ಬಿ.ಎಸ್ಸಿ.ಯನ್ನು ಕುಮಟಾದಲ್ಲಿ ನಾಲ್ಕು ವರ್ಷ ಶ್ರದ್ಧೆಯಿಂದ ಓದಿ ಮುಗಿಸಿ, ಹೊನ್ನಾವರದಲ್ಲಿ ಶಾಖೆ ತೆರೆದಿದ್ದ ಒಂದು ಬ್ರಾಯ್ಲರ್ ಕೋಳಿ ಕಂಪನಿಗೆ ಫೀಲ್ಡ್ ಸೂಪರ್‌ವೈಸರ್ ಆಗಿ ಸೇರಿದ್ದೆ. ಕಂಪನಿ ಒಂದು ದಿನದ ಮರಿ, ಮೇವು, ಔಷಧ ಕೊಡುತ್ತದೆ. ಸಾಕುವವರು ತಮ್ಮ ಶೆಡ್ಡು, ನೀರು, ದುಡಿಮೆ ಕೊಡುತ್ತಾರೆ. ಆರು ವಾರಕ್ಕೆ ಕೋಳಿ ಎರಡು ಕಿಲೋ ಆಸುಪಾಸು ಬಂದಾಗ ಕಂಪನಿಯ ಲಾರಿ ಬಂದು ಒಯ್ಯುತ್ತದೆ. ಇದಕ್ಕೆ ಇಂಟಿಗ್ರೇಷನ್ ಎಂದು ಹೆಸರು. ಈ ಎರಡು ಪಕ್ಷಗಳ ನಡುವೆ ಮೋಟರ್‌ಸೈಕಲ್ಲಿನಲ್ಲಿ ಓಡಾಡುತ್ತ, ಸತ್ತ ಕೋಳಿ ಎಣಿಸುತ್ತ, ಬದುಕಿದ ಕೋಳಿ ತೂಗುತ್ತ, ಇಬ್ಬರಿಂದಲೂ ಬೈಸಿಕೊಳ್ಳುವ ಪ್ರಾಣಿಗೆ ಸೂಪರ್‌ವೈಸರ್ ಎಂದು ಹೆಸರು. ಉತ್ತರಕ್ಕೆ ಹಿರೇಗುತ್ತಿಯಿಂದ ದಕ್ಷಿಣಕ್ಕೆ ಭಟ್ಕಳದವರೆಗಿನ ಶೆಡ್ಡುಗಳು ನನ್ನ ಪಾಲಿಗಿದ್ದವು.

ಕೋಳಿಯ ಬಗ್ಗೆ ನನಗೆ ತಿಳಿದದ್ದು ಕಡಿಮೆ. ಮನುಷ್ಯರ ಬಗ್ಗೆ ಮಾತ್ರ, ಅಂದರೆ ಅವರ ಗಂಟಲಿನ ಬಗ್ಗೆ, ನಾನು ಪರಿಣತ. ಯಾರನ್ನೇ ಹತ್ತು ನಿಮಿಷ ಕೇಳಿದರೆ ಹನ್ನೊಂದನೆಯ ನಿಮಿಷಕ್ಕೆ ಅವರಾಗಿಬಿಡುತ್ತಿದ್ದೆ. ಕೊಯಮತ್ತೂರು ಕಡೆಯಿಂದ ಬಂದ ಮ್ಯಾನೇಜರ್ ಸೆಲ್ವರಾಜ್ ಸಾರ್ ಪ್ರತಿ ವಾಕ್ಯದ ಕೊನೆಗೆ ಉಸಿರು ಬಿಟ್ಟು "ಆಯ್ತಾ, ಆಯ್ತಾ" ಎನ್ನುವುದು, ಭಟ್ಕಳದ ಕೋಳಿ ವ್ಯಾಪಾರಿ ಜುಬೇರ್ ಭಾಯಿ ಗುಟ್ಟು ಹೇಳುವವರಂತೆ ದನಿ ಇಳಿಸುವುದು, ಕೊನೆಗೆ ನನ್ನದೇ ಧ್ವನಿ ಸಾರ್ ಎದುರಿಗೆ ಮಾತ್ರ ಸಪೂರವಾಗುವುದು, ಎಲ್ಲವನ್ನೂ ಊಟದ ಹೊತ್ತಿಗೆ ಆಡಿ ತೋರಿಸುತ್ತಿದ್ದೆ. ನನ್ನ ಅತ್ಯುತ್ತಮ ಸರಕೆಂದರೆ ನಮ್ಮ ಪಶುವೈದ್ಯ ಡಾ. ಪಾಟೀಲರು. ಸರ್ಕಾರಿ ಸೇವೆಯಿಂದ ನಿವೃತ್ತರಾಗಿ ಕಂಪನಿಗೆ ಬಂದಿದ್ದ ಧಾರವಾಡ ಕಡೆಯವರು. ಮಾತಿಗೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಂಡು, "ನೋಡ್ರಿ," ಎಂದು ಒಂದು ಕ್ಷಣ ನಿಂತು, ಆಮೇಲೆ ನಿಧಾನವಾಗಿ ತೀರ್ಪು ಕೊಡುವರು. ಆ ನಿಲುಗಡೆಯಲ್ಲೇ ಎದುರಿನವರಿಗೆ ಅರ್ಧ ಧೈರ್ಯ ಬಂದುಬಿಡುತ್ತಿತ್ತು. ನಾನು ಕದ್ದದ್ದು ಮುಖ್ಯವಾಗಿ ಆ ನಿಲುಗಡೆಯನ್ನು.

ಮಸಾಲೆಯ ವಿಷಯ ಶುರುವಾದದ್ದು ಜುಬೇರ್ ಭಾಯಿಯಿಂದ. ಭಟ್ಕಳದ ಮದುವೆ ಊಟಗಳಿಗೆ ದೊಡ್ಡ ಪ್ರಮಾಣದಲ್ಲಿ ಕೋಳಿ ಒದಗಿಸುತ್ತಿದ್ದ ಅವರು ಒಂದು ದಿನ, "ಭಾಯಿ, ನಿಮ್ಮ ಕೋಳಿ ಬೇಯುವಾಗ ದವಾಖಾನೆ ವಾಸ್ನೆ ಬರ್ತದೆ ಅಂತಾರೆ ಜನ. ದವಾ ಇಲ್ಲದ ಕೋಳಿ ಕೊಡಿ, ನಾನು ಬೇರೆಯವರ ಬಾಗಿಲಿಗೆ ಹೋಗುವುದಿಲ್ಲ," ಎಂದರು. ಅವರ ಮಾತಿನಲ್ಲಿ ಅರ್ಥವಿತ್ತು. ಆ ಕಾಲದಲ್ಲಿ ಬ್ರಾಯ್ಲರ್ ಮೇವಿಗೆ ಕಾಯಿಲೆ ಇರಲಿ ಬಿಡಲಿ, ಬೆಳವಣಿಗೆಗೆಂದು ಸ್ವಲ್ಪ ಸ್ವಲ್ಪ ಆ್ಯಂಟಿಬಯಾಟಿಕ್ ಬೆರೆಸುವುದು ರೂಢಿ. ದಿನಾ ಹೀಗೆ ತಿನ್ನಿಸಿದರೆ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ ಎಂಬ ಎಚ್ಚರಿಕೆ ಹೊರದೇಶಗಳಿಂದ ಕೇಳಿಬರುತ್ತಿತ್ತು. ಅದರ ಬದಲು ಬೆಳ್ಳುಳ್ಳಿ, ಅರಿಸಿನ, ಕಾಳುಮೆಣಸು, ದಾಲ್ಚಿನ್ನಿ, ಒಣಮೆಣಸು ಇಂಥವನ್ನು ಪುಡಿಮಾಡಿ ಮೇವಿಗೆ ಸೇರಿಸಿದರೆ ಕರುಳಿನ ಕೆಟ್ಟ ಬ್ಯಾಕ್ಟೀರಿಯಾ ತಗ್ಗುತ್ತವೆ, ಜೀರ್ಣರಸ ಹೆಚ್ಚುತ್ತದೆ, ಕೋಳಿ ಚೆನ್ನಾಗಿ ತಿನ್ನುತ್ತದೆ ಎಂದು ಡಾಕ್ಟರು ಓದಿಕೊಂಡಿದ್ದರು. ಮೆಣಸಿನ ಖಾರ ನಮಗೆ ಹತ್ತುವಂತೆ ಹಕ್ಕಿಗಳಿಗೆ ಹತ್ತುವುದಿಲ್ಲ. ಕೋಳಿ ಅದನ್ನು ಅಕ್ಕಿಯಂತೆಯೇ ತಿನ್ನುತ್ತದೆ. ನಮ್ಮ ಆಫೀಸಿನ ಗುಮಾಸ್ತ ಸುಬ್ರಾಯ ಇದನ್ನು ನಂಬದೆ, ಒಂದು ಕೋಳಿಯ ಎದುರು ಮೆಣಸಿನ ಪುಡಿ ಹಿಡಿದು ನೋಡಿ, ತಾನೇ ಸೀನುತ್ತ ಕೂತಿದ್ದ.

ಪ್ರಯೋಗಕ್ಕೆ ಮೂರು ಶೆಡ್ಡು ಆರಿಸಿದರು. ಒಂದು ಭಟ್ಕಳದ ಹತ್ತಿರ, ಒಂದು ಹೊನ್ನಾವರದ ಹತ್ತಿರ, ಮೂರನೆಯದು ಹಿರೇಗುತ್ತಿಯ ತಿಮ್ಮಕ್ಕನದು. ತಿಮ್ಮಕ್ಕ ಪಟಗಾರರಿಗೆ ಐವತ್ತರ ಹತ್ತಿರ ವಯಸ್ಸು. ಇಪ್ಪತ್ತೈದು ವರ್ಷ ಅಘನಾಶಿನಿ ಹೊಳೆಯ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು, ಕಾಲಿನಿಂದ ತಡಕಿ ಬಳಚು ತೆಗೆದವರು. ಬಳಚು ಎಂದರೆ ಹೊಳೆಯ ಕೆಸರಿನಲ್ಲಿ ಹೂತಿರುವ ಚಿಪ್ಪಿ. ನಮ್ಮ ಕಡೆ ಸಾರಿಗೆ ಅದಕ್ಕಿಂತ ರುಚಿ ಇಲ್ಲ, ತೆಗೆಯುವವರ ಕಾಲಿಗೆ ಅದಕ್ಕಿಂತ ಕಷ್ಟವಿಲ್ಲ. ಅವರ ಪಾದಗಳ ತುಂಬ ಚಿಪ್ಪು ಕೊಯ್ದ ಗೆರೆಗಳಿದ್ದವು. ಮಂಡಿ ಮಡಚಲಾಗದಂತಾದ ಮೇಲೆ ಎರಡು ಸಾವಿರ ಕೋಳಿಯ ಶೆಡ್ಡು ಹಾಕಿದರು. "ಈ ಶೆಡ್ಡು ನಿಂತ್ ಮೇಲೆ ನಾ ಹೊಳೆಗೆ ಇಳೀಲಿಲ್ಲ ತಮಾ. ಇನ್ ಇಳಿಯುದೂ ಇಲ್ಲ," ಎಂದು ಮೊದಲ ಭೇಟಿಯಲ್ಲೇ ನನಗೆ ಹೇಳಿದ್ದರು. ಐದು ಬ್ಯಾಚು ಸಾಕಿದ್ದರು, ನನ್ನ ಪಟ್ಟಿಯಲ್ಲಿ ಅವರದ್ದೇ ಸಾವು ಕಡಿಮೆಯ ಶೆಡ್ಡು.

ಮಸಾಲೆ ಮೇವಿನ ಚೀಲ ಬಿಚ್ಚಿದಾಗ ಅವರು ಮೂಗಿಗೆ ಹಿಡಿದು ನೋಡಿದರು.

"ಇದೆಂತ ತಮಾ, ಬದ್ಕಿದ್ದಾಗ್ಲೇ ಮಸಾಲೆ ಹಾಕ್ತ್ರಾ? ನಾವೆಲ್ಲ ಸತ್ ಮೇಲೆ ಹಾಕುದು."

ಈ ಮಾತನ್ನು ನಾನು ಕುಮಟಾದಿಂದ ಭಟ್ಕಳದವರೆಗೆ ಅವರದೇ ಧ್ವನಿಯಲ್ಲಿ ಹೇಳಿ ಚಹಾ ಸಂಪಾದಿಸಿದೆ.

ಇಲ್ಲಿ ಒಂದು ಸಂಗತಿ ವಿವರಿಸಬೇಕು. ಬ್ರಾಯ್ಲರ್ ಮೇವಿನಲ್ಲಿ ಆ್ಯಂಟಿಬಯಾಟಿಕ್ ಅಲ್ಲದೆ ಇನ್ನೊಂದು ಔಷಧವೂ ಇರುತ್ತದೆ, ಅದು ಕಾಕ್ಸಿಡಿಯೋಸಿಸ್ ಎಂಬ ರೋಗ ತಡೆಯುವಂಥದ್ದು. ಈ ರೋಗ ತರುವುದು ಬ್ಯಾಕ್ಟೀರಿಯಾ ಅಲ್ಲ, ಕರುಳಿನ ಗೋಡೆಯೊಳಗೆ ಹೊಕ್ಕು ಅದನ್ನು ಒಡೆಯುವ ಏಕಕೋಶ ಪರೋಪಜೀವಿ. ಕೋಳಿಯ ಕಾಲಡಿಗೆ ಹಾಸುವ ಭತ್ತದ ಹೊಟ್ಟು ಒದ್ದೆಯಾದರೆ ಅದಕ್ಕೆ ಹಬ್ಬ. ಹಿಕ್ಕೆಯಲ್ಲಿ ರಕ್ತ ಬರುತ್ತದೆ. ಕಂಡ ದಿನವೇ ನೀರಿಗೆ ಔಷಧ ಬೆರೆಸಿದರೆ ಬಹುಪಾಲು ಕೋಳಿ ಉಳಿಯುತ್ತವೆ, ಎರಡು ಮೂರು ದಿನ ತಡವಾದರೆ ಸಾಲಾಗಿ ಬೀಳುತ್ತವೆ. ಆ್ಯಂಟಿಬಯಾಟಿಕ್ ಮಾತ್ರ ತೆಗೆಯೋಣ, ಈ ಔಷಧ ಇರಲಿ ಎಂದು ಡಾಕ್ಟರು ಹೇಳಿದ್ದರು. ಸೆಲ್ವರಾಜ್ ಸಾರ್, ಔಷಧ ಇಲ್ಲ ಎಂದ ಮೇಲೆ ಯಾವುದೂ ಇರಬಾರದು ಎಂದು ಎರಡನ್ನೂ ತೆಗೆಸಿದರು. ಡಾಕ್ಟರು ಒಪ್ಪದೆ ಒಪ್ಪಿ, ಸೂಪರ್‌ವೈಸರುಗಳಿಗೆ ಒಂದು ಹಾಳೆಯ ಸೂಚನೆ ಬರೆದುಕೊಟ್ಟರು. ಅದರಲ್ಲಿ "ಮಸಾಲೆಯಿಂದ ಹಿಕ್ಕೆಯ ಬಣ್ಣ ಸ್ವಲ್ಪ ಬದಲಾಗಬಹುದು" ಎಂದಿತ್ತು. ಅದರ ಕೆಳಗೇ "ಕೆಂಪು ಕಂಡರೆ ಅದೇ ದಿನ ನನಗೆ ತಿಳಿಸಿ ನೀರಿಗೆ ಔಷಧ ಶುರುಮಾಡಬೇಕು" ಎಂದೂ ಇತ್ತು. ನಾನು ಮೊದಲಿನದನ್ನು ಓದಿದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಯಾರೋ ಚಹಾಕ್ಕೆ ಕರೆದರು.

ಮರಿ ಇಳಿಸಿದ್ದು ಸೆಪ್ಟೆಂಬರಿನಲ್ಲಿ. ಮಳೆಗಾಲ ಮುಗಿಯಿತೆಂದು ಎಲ್ಲರೂ ಶೆಡ್ಡಿನ ಬದಿಯ ತಾಡಪತ್ರಿಯನ್ನು ಮೇಲೆ ಸುತ್ತಿ ಕಟ್ಟಿದ್ದರು. ಅಕ್ಟೋಬರಿನಲ್ಲಿ, ಕೋಳಿಗಳಿಗೆ ಮೂರು ವಾರ ಆಗುವಾಗ, ಗಾಳಿ ಸಮೇತ ನಾಲ್ಕು ದಿನ ಮತ್ತೆ ಮಳೆ ಹೊಡೆಯಿತು. ತಿಮ್ಮಕ್ಕನ ಶೆಡ್ಡಿನ ಪಡುವಣ ಬದಿ ಹೊಟ್ಟು ಒದ್ದೆಯಾಗಿ ಹೆಂಟೆ ಕಟ್ಟಿತು. ಅವರು ಮಂಡಿ ಮಡಚಲಾಗದೆ ನಿಂತಲ್ಲೇ ಬಗ್ಗಿ ಒದ್ದೆ ಹೊಟ್ಟು ತೆಗೆದು ಒಣ ಹೊಟ್ಟು ಹಾಕುತ್ತಿದ್ದರು. ಇಪ್ಪತ್ತೆರಡನೆಯ ದಿನ ನಾನು ಹೋದಾಗ ಒಂದು ತೆಂಗಿನ ಗರಟೆ ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ತಮಾ, ಇದ್ ನೋಡು. ಹಿಕ್ಕೆ ಕೆಂಪಾಗದೆ. ರಕ್ತ."

ಮೂಲೆಯಲ್ಲಿ ಏಳೆಂಟು ಕೋಳಿ ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿ ನಿಂತಿದ್ದವು. ನಾನು ಮೇವಿನ ಚೀಲಕ್ಕೆ ಕೈ ಹಾಕಿ ತೆಗೆದು, ಕೆಂಪಾದ ಬೆರಳುಗಳನ್ನು ಅವರಿಗೆ ತೋರಿಸಿದೆ.

"ನೋಡಿ, ನನ್ನ ಕೈಯಲ್ಲೂ ರಕ್ತ. ತಿಮ್ಮಕ್ಕ, ಬ್ಯಾಡಗಿ ಮೆಣಸು ತಿಂದವರು ಹಸಿರು ಮಾಡುತ್ತಾರಾ?"

"ನಗಬೇಡ. ನಾ ಗರಟೆ ನೀರಲ್ಲಿ ಕದಡಿ ನೋಡ್ದೆ. ಮೆಣಸಾದ್ರೆ ಪುಡಿ ತಳಕ್ಕೆ ಕೂರ್ತದೆ, ಮೇಲಿನ್ ನೀರು ತಿಳಿ ಆಗ್ತದೆ. ಇದು ನೀರೇ ಕೆಂಪಾತು. ಇಡೀ ಜನ್ಮ ಮೀನು ಕೊಯ್ದವ್ಳಿಗೆ ರಕ್ತ ಗೊತ್ತಾಗುದಿಲ್ವಾ?"

ಆ ಗರಟೆಯಲ್ಲಿದ್ದದ್ದು ಸರಿಯಾದ ಪರೀಕ್ಷೆ. ಬಿ.ಎಸ್ಸಿ. ಓದಿದವನು ನಾನು, ಪರೀಕ್ಷೆ ಮಾಡಿದವರು ಅವರು. ನಾನು ಗರಟೆಯೊಳಗೆ ಇಣುಕಿ ಸಹ ನೋಡಲಿಲ್ಲ. ನೋಡಿದರೆ ಔಷಧ ಕೊಡಬೇಕಾಗುತ್ತಿತ್ತು. ಕೊಟ್ಟರೆ "ಔಷಧವೇ ಇಲ್ಲದೆ ಬೆಳೆದ ಮೊದಲ ಬ್ಯಾಚು" ಎಂದು ನನ್ನ ಹೆಸರಿನಲ್ಲಿ ಹೋಗಬೇಕಾದ ವರದಿ ಹಾಳಾಗುತ್ತಿತ್ತು. ಎರಡು ದಿನ ನೋಡಿ ಎಂದು ಹೇಳಿ ಗಾಡಿಗೆ ಕಿಕ್ ಹೊಡೆದೆ.

"ನಿನ್ ಮಾತು ಬೇಡ. ನಾ ಡಾಕ್ಟ್ರ ಹತ್ರ ಕೇಳ್ತೆ," ಎಂದು ಹಿಂದಿನಿಂದ ಕೂಗಿದರು.

ಮರುದಿನ ಮಧ್ಯಾಹ್ನ ನಾನು ಹೊನ್ನಾವರದ ಆಫೀಸಿನಲ್ಲಿದ್ದೆ. ಡಾಕ್ಟರು ಭಟ್ಕಳ ಕಡೆ ಹೋಗಿದ್ದರು. ಊಟದ ಡಬ್ಬಿ ಮುಚ್ಚಿ ನಾಲ್ಕು ಜನ ಕೂತಿದ್ದೆವು. ಫೋನು ಬಂತು. ಸುಬ್ರಾಯ ಎತ್ತಿ, ಬಾಯಿಗೆ ಕೈ ಅಡ್ಡ ಹಿಡಿದು, "ಹಿರೇಗುತ್ತಿ ತಿಮ್ಮಕ್ಕ. ಡಾಕ್ಟರೇ ಬೇಕಂತೆ," ಎಂದ. ಡಾಕ್ಟರಿಲ್ಲ, ಸಂಜೆ ಮಾಡಿ ಎಂದರೆ ಮುಗಿಯುತ್ತಿತ್ತು. ತಿಮ್ಮಕ್ಕ ಮಳೆಯಲ್ಲಿ ನಡೆದು ಹೆದ್ದಾರಿ ಬದಿಯ ಅಂಗಡಿಗೆ ಬಂದು, ಕಾಯಿನ್ ಡಬ್ಬಕ್ಕೆ ರೂಪಾಯಿ ಹಾಕಿ ನಿಂತಿದ್ದರು. ನಾನು ಸುಬ್ರಾಯನ ಕೈಯಿಂದ ರಿಸೀವರ್ ತೆಗೆದುಕೊಂಡೆ. ಎದುರಿಗೆ ಮೂರು ಜನ ಪ್ರೇಕ್ಷಕರಿದ್ದರು. ನನ್ನಂಥವನಿಗೆ ಮೂರು ಜನ ಸಾಕು.

ಎರಡು ಸಲ ಗಂಟಲು ಸರಿಮಾಡಿಕೊಂಡೆ. ಅಷ್ಟಕ್ಕೇ ಡಾಕ್ಟರೆಂದು ನಂಬಿ ಅವರು ರಕ್ತದ ವಿಷಯವೆಲ್ಲ ಹೇಳಿದರು.

"ನೋಡ್ರಿ," ಎಂದೆ. ನಿಂತೆ. "ಗಾಬರಿ ಆಗಬ್ಯಾಡ್ರಿ ತಾಯಿ. ಅದು ರಕ್ತ ಅಲ್ಲ, ಮೆಣಸಿನಕಾಯಿ ಬಣ್ಣ ಐತಿ. ಔಷಧಿ ಏನೂ ಹಾಕಬ್ಯಾಡ್ರಿ. ಎರಡ ದಿನ ಬಿಟ್ಟ ನೋಡ್ರಿ."

ಅತ್ತಲಿಂದ ತಿಮ್ಮಕ್ಕ, "ನೀವ್ ಹೇಳಿದ್ ಮೇಲೆ ಆತು ಡಾಕ್ಟ್ರೇ. ನಾ ಹೆದ್ರಿದ್ದೆ," ಎಂದು ಫೋನಿಟ್ಟರು. ಸುಬ್ರಾಯ ಮೇಜಿನ ಮೇಲೆ ತಲೆ ಇಟ್ಟು ನಗುತ್ತಿದ್ದ. ನಾನು ಎದ್ದು ಸುತ್ತಲೂ ಕೈ ಮುಗಿದೆ.

ಇಪ್ಪತ್ತೈದನೆಯ ದಿನ ಬೆಳಿಗ್ಗೆ ಏಳಕ್ಕೆ ಮತ್ತೆ ಫೋನು ಬಂತು. ಈ ಸಲ ನಿಜವಾದ ಡಾಕ್ಟರೇ ಎತ್ತಿದರು. ಬೆಳಗಿನ ಹೊತ್ತಿಗೆ ನಾನೂರು ಕೋಳಿ ಸತ್ತಿವೆ ಎಂಬಷ್ಟೇ ಸುದ್ದಿ. ಡಾಕ್ಟರ ಜೀಪಿನಲ್ಲಿ ನಾನೂ ಹತ್ತಿದೆ. ಕುಮಟಾ ದಾಟುವವರೆಗೆ ಅವರು ಮಾತಾಡಲಿಲ್ಲ. ನಾನೂ ಆಡಲಿಲ್ಲ, ನನ್ನ ಬದುಕಿನಲ್ಲಿ ಅದೊಂದು ದಾಖಲೆ.

ಶೆಡ್ಡಿನ ಹೊರಗೆ ಗೋಣಿಯ ಮೇಲೆ ಬಿಳಿ ರಾಶಿ. ಹತ್ತಿರ ಹೋದರೆ ಬಿಳಿಯಲ್ಲ, ಹಿಂಭಾಗವೆಲ್ಲ ಕೆಂಪು ಮೆತ್ತಿ ಒಣಗಿದ ಪುಕ್ಕ. ಒಳಗೆ ಇನ್ನೂ ಬದುಕಿದ್ದವು ಗೋಡೆಗೆ ಒತ್ತಿಕೊಂಡು ನಿಂತಿದ್ದವು. ನಾವು ನಡೆದರೂ ಸರಿಯಲಿಲ್ಲ. ಎರಡು ಸಾವಿರ ಕೋಳಿಯ ಶೆಡ್ಡು ಎಂದರೆ ಹೊರಗೆ ನಿಂತವರಿಗೂ ಮಾತು ಕೇಳಿಸದಷ್ಟು ಗದ್ದಲ. ಅಂದು ನೀರಿನ ಡಬ್ಬಿಯಿಂದ ಹನಿ ಬೀಳುವುದು ಕೇಳುತ್ತಿತ್ತು. ನಡುನಡುವೆ ಒಂದೊಂದು ಕೋಳಿ ನಿಂತಲ್ಲೇ ಕತ್ತು ಚಾಚಿ ಮಗುಚಿಕೊಳ್ಳುತ್ತಿತ್ತು. ತಿಮ್ಮಕ್ಕ ಅವನ್ನು ಒಂದೊಂದಾಗಿ ಕಾಲು ಹಿಡಿದು ಎತ್ತಿ ಹೊರಗೆ ತಂದಿಡುತ್ತಿದ್ದರು. ನಮ್ಮನ್ನು ಕಂಡೂ ಕೆಲಸ ನಿಲ್ಲಿಸಲಿಲ್ಲ.

ಡಾಕ್ಟರು ಒಂದು ಕೋಳಿಯನ್ನು ಅಲ್ಲೇ ಕಲ್ಲಿನ ಮೇಲೆ ಕೊಯ್ದರು. ನಾನು ರೆಕ್ಕೆ ಹಿಡಿದಿದ್ದೆ. ಕೋಳಿಯ ಕರುಳಿನ ಕೊನೆಗೆ ಎರಡು ಚೀಲದಂಥ ಕವಲುಗಳಿರುತ್ತವೆ, ಸೀಕಮ್ ಎನ್ನುತ್ತಾರೆ. ಅವು ಹೆಬ್ಬೆರಳಿನಷ್ಟು ಉಬ್ಬಿದ್ದವು. ಕತ್ತರಿ ತಾಗಿಸಿದ್ದೇ ಕಪ್ಪುಗೆಂಪು ರಕ್ತ ನನ್ನ ಮುಂಗೈ ಮೇಲೆ ಹರಿಯಿತು. ಎರಡನೆಯದನ್ನು ಕೊಯ್ದರು. ಮೂರನೆಯದನ್ನು ಕೊಯ್ದರು. ಕತ್ತರಿ ಒರೆಸುತ್ತ, ನೀರಿಗೆ ಔಷಧ ಹಾಕಲು ನನಗೆ ಹೇಳಿ, ತಿಮ್ಮಕ್ಕನ ಕಡೆ ತಿರುಗಿದರು.

"ತಾಯಿ, ರಕ್ತ ಕಂಡು ಎಷ್ಟ ದಿನ ಆತು?"

"ನಾಲ್ಕನೇ ದಿನ."

"ಮತ್ತ ನನಗ ಯಾಕ ಹೇಳಲಿಲ್ಲ?"

ತಿಮ್ಮಕ್ಕ ಕೈಯಲ್ಲಿದ್ದ ಕೋಳಿಯನ್ನು ಕೆಳಗಿಟ್ಟರು. "ಹೇಳ್ದೆ ಅಲ್ರಾ? ಮೊನ್ನೆ ಮಧ್ಯಾಹ್ನ ಫೋನ್ ಮಾಡಿ ಹೇಳ್ದೆ. ಮೆಣಸಿನ್ ಬಣ್ಣ, ಔಷಧಿ ಹಾಕ್ಬೇಡಿ ಅಂದ್ರಿ ನೀವೇ."

"ಮೊನ್ನೆ ಮಧ್ಯಾಹ್ನ ನಾ ಭಟ್ಕಳದಾಗ ಇದ್ದೆ. ನಿಮ್ಮ ಜೋಡಿ ಮಾತಾಡೇ ಇಲ್ಲ."

ಅವರು ಡಾಕ್ಟರ ಬಾಯಿಯನ್ನೇ ನೋಡುತ್ತಿದ್ದರು. ಅದೇ ಧ್ವನಿ, ಅದೇ ನಿಲುಗಡೆ, ಆದರೆ ಹೇಳುತ್ತಿರುವುದು ಬೇರೆ. ನನ್ನ ಕೈಯಲ್ಲಿ ಔಷಧದ ಪುಡಿಯ ಪೊಟ್ಟಣವಿತ್ತು. ಹೇಳಬೇಕಾದ ಹೊತ್ತು ಅದೇ. ನಾನು ಬಕೆಟ್ಟಿನಲ್ಲಿ ಕೈಯಾಡಿಸುತ್ತ ಪುಡಿ ಕರಗಿದೆಯೋ ಎಂದು ಬಹಳ ಆಸ್ಥೆಯಿಂದ ನೋಡುತ್ತಿದ್ದೆ.

ಆ ದಿನವೂ ಮರುದಿನವೂ ಸಾವು ನಿಲ್ಲಲಿಲ್ಲ. ಒಟ್ಟು ಸಾವಿರದ ನೂರ ನಲವತ್ತು. ಹಿತ್ತಲಲ್ಲಿ ಎದೆಮಟ್ಟದ ಗುಂಡಿ ತೋಡಿ, ಒಂದು ಪದರ ಕೋಳಿ ಒಂದು ಪದರ ಸುಣ್ಣ ಹಾಕುತ್ತ ಮುಚ್ಚಿದೆವು. ಸುಣ್ಣ ತಾಗಿ ಕಣ್ಣಲ್ಲಿ ನೀರು ಬರುತ್ತಿದೆ ಎಂದು ನಾನು ಅಲ್ಲಿದ್ದವರಿಗೆ ಹೇಳಿದೆ. ಉಳಿದೆರಡು ಶೆಡ್ಡುಗಳಿಗೆ ಡಾಕ್ಟರೇ ಓಡಿ ಔಷಧ ಶುರುಮಾಡಿಸಿದ್ದರಿಂದ ಅವು ಬಚಾವಾದವು.

ಕಂಪನಿಯ ನಿಯಮದಂತೆ ಇಷ್ಟು ಸಾವಾದರೆ ಸೂಪರ್‌ವೈಸರ್ ವರದಿ ಬರೆಯಬೇಕು. ಅದಕ್ಕೊಂದು ಅಚ್ಚಾದ ಫಾರಂ. ಸಾವಿನ ಕಾರಣ, ಯಾರ ಲೋಪ, ಮುಂದೆ ಮರಿ ಕೊಡಬಹುದೇ. ಸೆಲ್ವರಾಜ್ ಸಾರ್ ನನ್ನೆದುರು ನಿಂತು, "ಆ ಅಮ್ಮ ಸುಳ್ಳು ಬೇರೆ ಹೇಳ್ತದೆ. ಡಾಕ್ಟರ್ ಹೇಳಿದ್ರು ಅಂತೆ. ಬರಿ, ಆಯ್ತಾ," ಎಂದರು. ನಾನು ಬರೆದೆ: "ಸಾಕಣೆದಾರರು ರೋಗಲಕ್ಷಣವನ್ನು ಸಕಾಲದಲ್ಲಿ ತಿಳಿಸಲಿಲ್ಲ." ಮೂರನೆಯ ಕಾಲಂ ಖಾಲಿ ಬಿಟ್ಟೆ. ಸಾರ್ ಅದರಲ್ಲಿ ತಮ್ಮ ಕೈಯಾರೆ "ಬೇಡ" ಎಂದು ಬರೆದರು. ಕೆಳಗೆ ಸಹಿ ನನ್ನದು. ಸುಬ್ರಾಯ ಆ ಫಾರಂ ಫೈಲಿಗೆ ಹಾಕುವಾಗ ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ. ಊಟದ ಹೊತ್ತಿಗೆ ಯಾರ ಧ್ವನಿ ಬೇಕೆಂದು ಯಾರೂ ಕೇಳಲಿಲ್ಲ.

ಎರಡು ವಾರದ ನಂತರ, ಉಳಿದ ಕೋಳಿಗಳನ್ನು ಲಾರಿ ಒಯ್ದಾದ ಮೇಲೆ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಘನಾಶಿನಿಯ ಸೇತುವೆ ದಾಟುತ್ತಿದ್ದೆ. ನೀರು ಇಳಿದಿತ್ತು. ಕೆಳಗೆ ಬಳಚು ತೆಗೆಯುವ ಹೆಂಗಸರ ಸಾಲು, ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡವರು. ಕೊನೆಯಲ್ಲಿ ಒಬ್ಬರು ಮಾತ್ರ ಕಾಲು ನೇರವಾಗಿಟ್ಟುಕೊಂಡೇ ಬಗ್ಗುತ್ತಿದ್ದರು, ಪ್ರತಿ ಸಲ ಏಳುವಾಗ ತೊಡೆಗೆ ಕೈ ಊರುತ್ತಿದ್ದರು. ಗಾಡಿ ನಿಲ್ಲಿಸಿದೆ. ನೂರಾರು ಜನರ ನಡಿಗೆ ಅಣಕಿಸಿ ನಗಿಸಿದವನಿಗೆ ಆ ಬಗ್ಗುವ ರೀತಿ ಯಾರದೆಂದು ಗುರುತಿಸಲು ಹತ್ತಿರ ಹೋಗಬೇಕಾಗಿರಲಿಲ್ಲ.

ಪ್ಯಾಂಟು ಮಡಚಿ ಕೆಸರಿಗಿಳಿದೆ. ಹತ್ತು ಹೆಜ್ಜೆಗೆ ಚಿಪ್ಪು ಅಂಗಾಲು ಕೊಯ್ಯಿತು. ತಿಮ್ಮಕ್ಕ ನನ್ನನ್ನು ಕಂಡು ಮತ್ತೆ ಬಗ್ಗಿದರು.

"ತಿಮ್ಮಕ್ಕ, ಫೋನಿನಲ್ಲಿ ಮಾತಾಡಿದ್ದು ಡಾಕ್ಟರಲ್ಲ. ನಾನು."

ಅವರು ನೀರೊಳಗೆ ಕೈಯಾಡಿಸುತ್ತಲೇ ಇದ್ದರು. ಒಂದು ಹಿಡಿ ಬಳಚು ತೆಗೆದು ಕೆಸರು ತೊಳೆದು ಬುಟ್ಟಿಗೆ ಹಾಕಿದರು.

"ನಂಗ್ ಹೇಳಿ ಎಂತ ಆತು? ನಂಗೆ ಮರಿ ಕೊಡುದು ನೀನಾ? ಕೊಡೋರ ಎದ್ರು ಹೇಳು. ನಾಳೆ ಬತ್ತೆ ನಾನು."

ಮುಂದೇನಾಯಿತೆಂದು ಹೇಳುವ ಮೊದಲು, ಈ ಕೆಲಸ ನನಗೆ ಕಲಿಸಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಜಾಗ ಇರುವುದಿಲ್ಲ. ಮಸಾಲೆಯದು ಏನೂ ತಪ್ಪಿರಲಿಲ್ಲ. ಬೆಳ್ಳುಳ್ಳಿ, ಅರಿಸಿನಕ್ಕೆ ತಮ್ಮ ಮಟ್ಟಿಗೆ ಗುಣವಿದೆ. ಅವು ಹೊಟ್ಟು ಒಣಗಿಸುವುದಿಲ್ಲ, ಪರೋಪಜೀವಿಯ ಎದುರು ಔಷಧದ ಬದಲು ನಿಲ್ಲುವುದಿಲ್ಲ, ಸೂಪರ್‌ವೈಸರನ ಬದಲು ಸೂಚನೆಯ ಹಾಳೆ ಓದುವುದಿಲ್ಲ. ಆ ಚಳಿಗಾಲದಲ್ಲಿ ಡಾಕ್ಟರು ಕಾಕ್ಸಿಡಿಯೋಸಿಸ್ ತಡೆಯುವ ಔಷಧವನ್ನು ಉಳಿಸಿಕೊಂಡು, ಆ್ಯಂಟಿಬಯಾಟಿಕ್ ಮಾತ್ರ ತೆಗೆದು ಅದೇ ಮಸಾಲೆ ಮೇವು ಕೊಡಿಸಿದರು. ಕೋಳಿಗಳು ಸುಮ್ಮನೆ ಬೆಳೆದವು, ಪವಾಡವೇನೂ ಆಗಲಿಲ್ಲ; ಜುಬೇರ್ ಭಾಯಿ ಸುಮ್ಮನಾದರು, ಪವಾಡವೆಂದರೆ ಅದೇ. ನಾನು ಕಲಿತದ್ದು ಇಷ್ಟು. ದಿನಕ್ಕೆ ಹತ್ತು ಸಲ ಶೆಡ್ಡಿನೊಳಗೆ ನಡೆಯುವವರು ಒಂದು ಸಂಗತಿ ಕಂಡೆ ಎಂದರೆ, ವಾರಕ್ಕೊಮ್ಮೆ ಬರುವವನು ಮೊದಲು ಬಗ್ಗಿ ನೋಡಬೇಕು. ಮತ್ತೆ, ಡಾಕ್ಟರ ಧ್ವನಿ ಎಂದರೆ ಬರೀ ಧ್ವನಿಯಲ್ಲ. ಅವರು ಮೂವತ್ತು ವರ್ಷ ಕೊಟ್ಟಿಗೆಗಳಲ್ಲಿ ಮೊಣಕಾಲೂರಿ ಕೂತು ಗಳಿಸಿದ ನಂಬಿಕೆ ಅದು. ಅದನ್ನು ಒಂದು ನಿಮಿಷದ ನಗೆಗೆ ನಾನು ಖರ್ಚು ಮಾಡಿದ್ದೆ.

ಮರುದಿನ ಹನ್ನೊಂದಕ್ಕೆ ತಿಮ್ಮಕ್ಕ ಬಸ್ಸಿಳಿದು ಆಫೀಸಿಗೆ ಬಂದರು. ಕೂರಲು ಹೇಳಿದರೆ ಕೂರಲಿಲ್ಲ. ಕೂತರೆ ಏಳುವುದು ಕಷ್ಟ ಎಂದರು. ಸಾರ್ ಇದ್ದರು, ಡಾಕ್ಟರಿದ್ದರು, ಸುಬ್ರಾಯ ಗೋಡೆಗೆ ಅಂಟಿದ್ದ. ನಾನು ಎಲ್ಲ ಹೇಳಿದೆ, ನನ್ನ ಸ್ವಂತ ಧ್ವನಿಯಲ್ಲಿ. ಅದು ಎಷ್ಟು ಸಪೂರವಾಗಿತ್ತೆಂದರೆ ಸಾರ್‌ಗೆ ಎರಡು ಸಲ ಕೇಳಬೇಕಾಯಿತು. ಕೇಳಿದ ಮೇಲೂ ನಂಬಲಿಲ್ಲ.

"ಈ ಅಮ್ಮನಿಗೆ ಪಾಪ ಅಂತ ನೀನು ಕಥೆ ಕಟ್ತಿದ್ದೀಯ. ಅಷ್ಟು ದಿವಸ ಡಾಕ್ಟರನ್ನ ನೋಡಿದವರಿಗೆ ಗೊತ್ತಾಗೋದಿಲ್ವಾ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಾತಾಡು," ಎಂದರು. "ಆ ದಿನ ಹೆಂಗ ಮಾತಾಡಿದ್ದಿ, ಹಂಗ."

ಅಷ್ಟು ಕೆಟ್ಟ ಪ್ರದರ್ಶನ ನಾನು ಜೀವನದಲ್ಲಿ ಕೊಟ್ಟಿಲ್ಲ, ಅಷ್ಟು ಕರಾರುವಾಕ್ಕಾಗಿಯೂ ಕೊಟ್ಟಿಲ್ಲ. ಗಂಟಲು ಸರಿಮಾಡಿಕೊಂಡೆ. ನೋಡ್ರಿ, ಎಂದೆ. ಗಾಬರಿ ಆಗಬ್ಯಾಡ್ರಿ ತಾಯಿ, ಎಂದೆ. ಮೆಣಸಿನಕಾಯಿ ಬಣ್ಣ ಎನ್ನುವಾಗ ತಿಮ್ಮಕ್ಕ ಕಣ್ಣು ಮುಚ್ಚಿಕೊಂಡರು, ಮುಚ್ಚಿದ ಕಣ್ಣಿನಲ್ಲೇ ತಲೆಯಾಡಿಸಿದರು.

"ಸಾರ್, ನಾನೇ ಫೋನು ಎತ್ತಿದ್ದು. ಇವನ ಕೈಗೆ ಕೊಟ್ಟವನೂ ನಾನೇ. ನಾವೆಲ್ಲ ನಕ್ಕಿದ್ದೆವು," ಎಂದ ಸುಬ್ರಾಯ ಗೋಡೆಯ ಹತ್ತಿರದಿಂದ.

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡು ನನ್ನ ಕಡೆ ತಿರುಗಿದರು. ಬೈಯುತ್ತಾರೆಂದು ಕಾದೆ. "ನನ್ನ ಧ್ವನಿ ಹಿಂಗ ಕೇಳಸ್ತದೇನು?" ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಆಮೇಲೆ ತಿಮ್ಮಕ್ಕನ ಕಡೆ ತಿರುಗಿ ಕೈ ಜೋಡಿಸಿದರು. "ತಾಯಿ, ನಿಮ್ಮನ್ನ ಸುಳ್ಳ ಹೇಳ್ತೀರಿ ಅಂದಕೊಂಡೆ. ಮಳಿ ಬಂದ ದಿನಾನ ನಾ ನಿಮ್ಮ ಶೆಡ್ಡಿಗೆ ಬರಬೇಕಿತ್ತು. ಅದು ನನ್ನ ತಪ್ಪು."

ಸಾರ್ ಫೈಲಿನಿಂದ ನನ್ನ ಫಾರಂ ತೆಗೆದು ಹರಿದರು. ಅದೇನೂ ಸುಲಭವಾಗಿರಲಿಲ್ಲ ಅವರಿಗೆ. ಎರಡೂ ಔಷಧ ತೆಗೆಸಿದ ನಿರ್ಧಾರ ಯಾರದೆಂದು ಮುಂದಿನ ಫಾರಂನಲ್ಲಿ ಬರೆಯಬೇಕಾಗುತ್ತಿತ್ತು. ತಿಮ್ಮಕ್ಕ ಕೇಳಿದ್ದು ಒಂದೇ ಪ್ರಶ್ನೆ.

"ಮರಿ ಯಾವಾಗ?"

"ಸೋಮವಾರ," ಎಂದರು ಸಾರ್. "ಹೊಟ್ಟು, ಸುಣ್ಣ ಎಲ್ಲ ಕಂಪನಿಯಿಂದ ಬರ್ತದೆ ಅಮ್ಮ."

ನಾನು ಅಷ್ಟರಲ್ಲಿ ಮೋಟರ್‌ಸೈಕಲ್ಲಿನ ಬೀಗದ ಕೈ ಮೇಜಿನ ಮೇಲೆ ಇಟ್ಟಿದ್ದೆ. ಅದು ಕಂಪನಿಯ ಗಾಡಿ. ಕುಮಟಾಕ್ಕೆ ಹೋಗುವ ಬಸ್ಸು ಎಷ್ಟು ಹೊತ್ತಿಗೆಂದು ಲೆಕ್ಕ ಹಾಕುತ್ತಿದ್ದೆ. ಸಾರ್ ಆ ಕೀಯನ್ನು ಡ್ರಾಯರಿಗೆ ಸರಿಸಿ, ತಿಮ್ಮಕ್ಕನಿಗೆ ಸಮಾಧಾನವಾಗಲೆಂದು ದೊಡ್ಡ ದನಿಯಲ್ಲಿ ಹೇಳಿದರು:

"ಈ ಹುಡುಗ ಇವತ್ತಿಗೇ ಮುಗೀತು. ನಿಮ್ಮ ಶೆಡ್ಡಿಗೆ ಹೊಸ ಸೂಪರ್‌ವೈಸರ್ ಕಳಿಸ್ತೇನೆ, ಆಯ್ತಾ?"

ತಿಮ್ಮಕ್ಕ ಬಾಗಿಲವರೆಗೆ ಹೋದವರು ಚೌಕಟ್ಟಿಗೆ ಕೈ ಊರಿ ನಿಂತರು. ನನ್ನ ಕಡೆ ನೋಡಲಿಲ್ಲ.

"ಹೊಸಬ ಬಂದ್ರೆ ಅವ ಕಲಿಯುಕೆ ಮತ್ ಸಾವ್ರ ಕೋಳಿ ಸಾಯ್ಬೇಕು. ಇವ ಆಗ್ಲೇ ಕೊಂದಾಗದೆ. ಇವನ್ನೇ ಕಳ್ಸಿ."